ಮೊನೊವೈಯ ಅಜ್ಜಿಗೆ 'ಪಾಪ' ಹೇಳೆಡಿ

2021ರ ಆಗಸ್ಟಿಲಿ ಮಗಳು ಒಮಾಹಂದ ಫೋನು ಮಾಡಿತ್ತು. ಪುಳ್ಳಿಯ ಶೀತ, ಅಳಿಯನ ಕೆಲಸ ಎಲ್ಲ ಮಾತಾಡಿ ಆದ ಮೇಲೆ, "ಅಬ್ಬೇ, ನಿನ್ನ ಅಜ್ಜಿಯ ಊರಿಲಿ ಜೆನ ಡಬ್ಬಲ್ ಆಯಿದವಡ" ಹೇಳಿ ನೆಗೆ ಮಾಡಿತ್ತು. ಅಲ್ಲಿಯ 2020ರ ಜನಗಣತಿಯ ಲೆಕ್ಕ ಬಯಿಂದಡ. ಮೊನೊವೈಲಿ ಮದಲು ಒಂದು ಜೆನ, ಈಗ ಎರಡು!

ಎನ್ನ ಅಜ್ಜಿ ಹೇಳಿರೆ ನೆಂಟ್ರಲ್ಲ. 2018ರ ಅಕೇರಿಗೆ ಆನು ಬಾಣಂತನಕ್ಕೆ ಹೇಳಿ ಹೋಗಿ ಆರು ತಿಂಗಳು ಅಲ್ಲಿ ಇತ್ತಿದ್ದೆ ಅಲ್ಲದೋ, ಅಷ್ಟಪ್ಪಗ ಅಳಿಯ ಹೇಳಿದ ಕತೆ ಇದು. ಒಮಾಹ ಇಪ್ಪದು ನೆಬ್ರಾಸ್ಕ ರಾಜ್ಯಲ್ಲಿ. ಅಲ್ಲಿಂದ ಕಾರಿಲಿ ಸುಮಾರು ನಾಲ್ಕು ಗಂಟೆ ಹೋದರೆ ರಾಜ್ಯದ ಉತ್ತರದ ಕರೆ, ಬಾಯ್ಡ್ ಕೌಂಟಿ. ಮಿಸೌರಿ, ನಯೊಬ್ರೇರಾ ಹೇಳ್ತ ಎರಡು ಹೊಳೆಗಳ ನೆಡುಕೆ ಮೊನೊವೈ. ಇಡೀ ಊರಿಲಿ ಇಪ್ಪದು ಎಲ್ಸಿ ಐಲರ್ ಹೇಳ್ತ ಅಜ್ಜಿ ಒಬ್ಬರೇ, 2021ರಲ್ಲಿ ಅವಕ್ಕೆ 87 ವರ್ಷ. ನಮ್ಮ ಪಂಚಾಯತಿನ ಹಾಂಗಿಪ್ಪ ಊರಾಡಳಿತ ಅಲ್ಲಿ ಈಗಳೂ ಇದ್ದು. ಅದಕ್ಕೆ ಮೇಯರು ಅವ್ವೇ, ಗುಮಾಸ್ತೆ ಅವ್ವೇ, ಖಜಾಂಚಿಯೂ ಅವ್ವೇ. ಮೊನೊವೈ ಟ್ಯಾವರ್ನ್ ಹೇಳಿ ಒಂದು ಹೋಟ್ಲು ಇದ್ದು. ಅಲ್ಲಿ ಅಡಿಗೆ ಮಾಡುದು, ಬಳುಸುದು, ಪಾತ್ರೆ ತೊಳವದು ಅವ್ವೇ. ಬಿಯರು ಮಾರೆಕ್ಕಾದರೆ ಲೈಸೆನ್ಸು ಬೇಕನ್ನೆ. ಅರ್ಜಿ ಹಾಕುದು ಅಜ್ಜಿ, ಮೇಯರಾಗಿ ಅದಕ್ಕೆ ಒಪ್ಪಿಗೆ ಕೊಡುದುದೇ ಅಜ್ಜಿ.

ಇದರ ಕೇಳಿದೋರೆಲ್ಲ ನೆಗೆ ಮಾಡ್ತವು. ಆನು ನೆಗೆ ಮಾಡಿದ್ದಿಲ್ಲೆ, "ಪಾಪ" ಹೇಳಿದೆ. ಮಕ್ಕೊ ಇಲ್ಲೆಯಾ, ಕರಕ್ಕೊಂಡು ಹೋಪಲಾಗದೋ ಹೇಳಿ ಕೇಳಿದೆ. ಈಗ ಅದರ ಗ್ರೇಶಿರೆ ನಾಚಿಕೆ ಆವುತ್ತು.

ಆ ಊರು ಮದಲಿಂಗೆ ಹೀಂಗೆ ಇತ್ತಿಲ್ಲೆ. 1902ರಲ್ಲಿ ರೈಲು ಬಂದಪ್ಪಗ ಹುಟ್ಟಿದ ಊರು ಅದು. 1930ರ ದಶಕಲ್ಲಿ 150 ಜೆನ, ದಿನಸಿ ಅಂಗಡಿಯೇ ಮೂರು. ಮತ್ತೆ ಒಂದೊಂದೇ ಬಾಗಿಲು ಹಾಕಿಗೊಂಡತ್ತು. 1960ರಲ್ಲಿ ಎಲ್ಸಿ ಅಜ್ಜಿಯ ಅಪ್ಪ ತೀರಿ ಹೋದವು. ಅಲ್ಲಿಯ ಇಗರ್ಜಿಲಿ ಶವಸಂಸ್ಕಾರದ ಪ್ರಾರ್ಥನೆ ಹೇಳಿ ಆದ್ದು ಅದುವೇ ಅಕೇರಿ. 1967ರಿಂದ 1970ರ ಒಳ ಪೋಸ್ಟಾಫೀಸು, ಒಳುದ ಒಂದು ದಿನಸಿ ಅಂಗಡಿ ಎರಡೂ ಹೋತು. 1974ರಲ್ಲಿ ಶಾಲೆ ಮುಚ್ಚಿತ್ತು. ಶಾಲೆ ಇಲ್ಲದ್ದ ಊರಿಲಿ ಸಣ್ಣ ಮಕ್ಕಳ ಕಟ್ಟಿಗೊಂಡು ಆರು ಕೂರ್ತವು? 1980ರಲ್ಲಿ 18 ಜೆನ. 2000ಕ್ಕಪ್ಪಗ ಎಲ್ಸಿ ಮತ್ತೆ ಅವರ ಗೆಂಡ ರೂಡಿ, ಇಬ್ರೇ. 2004ರಲ್ಲಿ ರೂಡಿಯೂ ಹೋದವು. ಮೊನೊವೈ ಒಂದೇ ಅಲ್ಲ, ಆ ಕೌಂಟಿಯೇ ಹಾಂಗೆ. 1910ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜೆನ ಇದ್ದಲ್ಲಿ ಈಗ ಎರಡು ಸಾವಿರ ತುಂಬುತ್ತಿಲ್ಲೆ. ಟ್ರಾಕ್ಟರು ಬಂತು, ಹಲವು ಮನೆಯವು ಮಾಡ್ತ ಬೇಸಾಯವ ಒಂದೇ ಮನೆಯವು ಮಾಡ್ಲೆ ಸುರು ಮಾಡಿದವು, ಒಳುದ ಮನೆಯ ಮಕ್ಕೊ ಪೇಟೆಗೆ ಹೋದವು. ಅಜ್ಜಿಯ ಇಬ್ರು ಮಕ್ಕಳೂ ಕೆಲಸ ಹುಡ್ಕಿಗೊಂಡು ಹೋದೋರೇ. ಅವರ ತಪ್ಪು ಹೇಳ್ಲೆ ಎಡಿಯ.

ಹಾಂಗಾರೆ ಅಜ್ಜಿ ಒಬ್ಬಂಟಿಯೋ? ಇಲ್ಲಿಯೇ ಆನು ತಪ್ಪಿದ್ದು.

ಅವು ಹುಟ್ಟಿ ಬೆಳದ್ದು ಊರ ಹತ್ತರಾಣ ಒಂದು ಹೊಲಮನೆಲಿ. ರೂಡಿಯ ಗುರ್ತ ಆದ್ದು ಶಾಲೆಲಿ. ಕೂಸಾಗಿಪ್ಪಗ ಪೇಟೆಗೆ ಹೋಗಿ ವಿಮಾನ ಕಂಪೆನಿಲಿ ಕೆಲಸವೂ ಮಾಡಿದವು. ಪೇಟೆ ಹೇಳಿರೆ ಎಂತರ ಹೇಳಿ ನೋಡಿ, ಬೇಡ ಹೇಳಿ ತಿರುಗಿ ಬಂದೋರು. 1971ರಲ್ಲಿ ಗೆಂಡ ಹೆಂಡತಿ ಸೇರಿ, ಅಪ್ಪನ ಕಾಲದ ಆ ಹೋಟ್ಲಿನ ಪುನಃ ತೆಗದವು. ಅಂದಿಂದ ಅದರ ಬಾಗಿಲು ತೆಕ್ಕೊಂಡೇ ಇದ್ದು. ಉದಿಯಪ್ಪಗ ಒಂಬತ್ತಕ್ಕೆ ತೆಗವದು, ಇರುಳು ಒಂಬತ್ತಕ್ಕೆ ಹಾಕುದು, ಸೋಮವಾರ ಮಾಂತ್ರ ರಜೆ. ಲಿಂಚ್, ವರ್ಡೆಲ್ ಹೇಳಿ ಸುತ್ತಮುತ್ತ ಇಪ್ಪದೂ ಸಣ್ಣ ಸಣ್ಣ ಊರುಗಳೇ. ಇಪ್ಪತ್ತು ಮೂವತ್ತು ಮೈಲಿ ದೂರಂದ ರೈತರು, ಲಾರಿಯವು, ಮಕ್ಕಳ ಕಟ್ಟಿಗೊಂಡು ಹೆಮ್ಮಕ್ಕೊ ಬಂದು ಅಲ್ಲಿ ಕೂರ್ತವು. ಆ ಇಡೀ ಪ್ರದೇಶಕ್ಕೆ ಜಗಲಿ ಹೇಳಿ ಇಪ್ಪದು ಅಜ್ಜಿಯ ಹೋಟ್ಲು. ಮಕ್ಕಳ ಹತ್ತರೆ ಹೋಪಲಕ್ಕು, ಆದರೆ ಹೋದಲ್ಲಿ ಪುನಃ ಹೊಸ ಸ್ನೇಹಿತರ ಮಾಡಿಗೊಳ್ಳೆಕನ್ನೆ ಹೇಳಿ ಅವು ಕೇಳಿದೋರತ್ರೆ ಹೇಳಿದ್ದವಡ.

ಈ ಮಾತಿನ ತೂಕ ಎನಗೆ ಒಮಾಹಲ್ಲಿ ಗೊಂತಾತು. ಮಗಳು ಎಂತದೂ ಕಮ್ಮಿ ಮಾಡಿದ್ದಿಲ್ಲೆ. ಬೆಶ್ಚಂಗಿಪ್ಪ ಮನೆ, ಪಾತ್ರೆ ತೊಳವ ಮಿಶನು, ಬೇಕಾದ ತರಕಾರಿ, ಎಲ್ಲ ಇದ್ದು. ಹತ್ತು ಗಂಟೆಗೆ ಪುಳ್ಳಿಯ ಮೀಶಿ ಒರಗುಸಿ ಕಿಟಿಕಿ ಹತ್ತರೆ ಕೂದರೆ ಹೆರ ಬರೀ ಬೆಳಿ ಮಂಜು. ಆರು ತಿಂಗಳಿಲಿ ಆಚೆ ಮನೆಯ ಹೆಮ್ಮಕ್ಕಳ ಹೆಸರು ಎನಗೆ ಗೊಂತಾಯಿದಿಲ್ಲೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜೆನ ಇಪ್ಪ ಪೇಟೆ ಅದು! ಪಾಪ ಹೇಳ್ತರೆ ಆರಿಂಗೆ ಹೇಳೆಕ್ಕು?

ಇನ್ನು ದಾರಿದೀಪದ ಸಂಗತಿ. ಊರಿಲಿ ನಾಲ್ಕು ದಾರಿದೀಪ ಇದ್ದು. ಅದಕ್ಕೆ ಸರ್ಕಾರದ ಪೈಸೆ ಬರೆಕ್ಕಾದರೆ ವರ್ಷವೂ ರಸ್ತೆಯ ಯೋಜನೆ ಬರದು ಕೊಡೆಕ್ಕಡ. ನೀರು, ದೀಪ ನೆಡವಲೆ ವರ್ಷಕ್ಕೆ ಸುಮಾರು 500 ಡಾಲರು ತೆರಿಗೆ ಬೇರೆ. ಹಾಕುದು ಅವು, ಕಟ್ಟುದುದೇ ಅವು. ಪೇಪರಿಲಿ ಇದರ ತಮಾಷೆಗೆ ಹೇಳಿ ಹಾಕುತ್ತವು. ಎನಗೆ ಇದು ತಮಾಷೆ ಹೇಳಿ ಕಾಣ್ತಿಲ್ಲೆ. ಆ ಕಾಗದ ಒಂದು ವರ್ಷ ಹೋಗದ್ದರೆ ದೀಪ ನಂದುಗು. ಊರು ಹೇಳಿ ಇಪ್ಪದು ಬರೀ ಹೆಸರಪ್ಪಲೆ ಮತ್ತೆ ಎಷ್ಟು ಹೊತ್ತು ಬೇಕು? ಪುಸ್ತಕವೂ ಹಾಂಗೆ. ರೂಡಿಗೆ ಓದುದು ಹೇಳಿರೆ ಜೀವ, ಒಂದು ಲೈಬ್ರರಿ ಮಾಡೆಕ್ಕು ಹೇಳಿ ಇತ್ತು. ಅವು ಹೋದ ಮೇಲೆ ಅಜ್ಜಿ, ಮನೆಯವು ಸೇರಿ ಒಂದು ಸಣ್ಣ ಶೆಡ್ಡಿಲಿ ಅವರ ಐದು ಸಾವಿರ ಪುಸ್ತಕಂಗಳ ಜೋಡ್ಸಿ ಮಡುಗಿದವು. ಯಜಮಾನ್ರ ಪೆಟ್ಟಿಗೆಯ ಗುಜರಿಗೆ ಕೊಟ್ಟ ಮನೆಗೊ ನಮ್ಮಲ್ಲಿ ಎಷ್ಟಿಲ್ಲೆ!

ಮಗಳು ಮಾಂತ್ರ ಒಪ್ಪುತ್ತಿಲ್ಲೆ. "ಅಲ್ಲ ಅಬ್ಬೆ, ಈ ಪ್ರಾಯಲ್ಲಿ ಮಂಜಿಲಿ ಜಾರಿ ಬಿದ್ದರೆ ಆರು ನೋಡ್ತವು?" ಹೇಳಿ ಕೇಳ್ತು. ಅದರ ಹೆದರಿಕೆ ಲೊಟ್ಟೆ ಅಲ್ಲ. 2019ರ ಮಾರ್ಚಿಲಿ, ಆನು ಅಲ್ಲಿಪ್ಪಗಳೇ, ನಯೊಬ್ರೇರಾ ಹೊಳೆಯ ಸ್ಪೆನ್ಸರ್ ಅಣೆಕಟ್ಟು ಒಡದು ಮಂಜುಗಡ್ಡೆಯ ತುಂಡುಗೊ ಹೈವೇಯ ಸಂಕವನ್ನೇ ಹೊತ್ತೊಂಡು ಹೋಗಿತ್ತು. ಟೀವಿಲಿ ನೋಡಿ ಎನ್ನ ಕೈಕಾಲು ನಡುಗಿತ್ತು. ಆದರೂ ಆನು ಹೇಳುದಿಷ್ಟು. ಒಂಬತ್ತಕ್ಕೆ ಹೋಟ್ಲಿನ ಬಾಗಿಲು ತೆಗೆಯದ್ದರೆ ಒಂಬತ್ತೂಕಾಲಕ್ಕೆ ಕಾಫಿಗೆ ಬಂದ ರೈತಂಗೆ ಗೊಂತಕ್ಕು. ಮಗಳು ಆಪೀಸಿಂಗೆ ಹೋದ ಮೇಲೆ ಆನು ಬಚ್ಚಲಿಲಿ ಬಿದ್ದಿದ್ದರೆ ಹೊತ್ತೋಪಗ ಆರರವರೆಗೆ ಆರಿಂಗೆ ಗೊಂತಾವುತಿತ್ತು?

ಅಂಬಗ ಆ ಎರಡನೇ ಜೆನ ಆರು? ಆರೂ ಇಲ್ಲೆಡ! ಆರ ಮನೆಯ ಗುಟ್ಟೂ ಹೆರ ಬೀಳ್ಲಾಗ ಹೇಳಿ ಜನಗಣತಿಯವು ಸಣ್ಣ ಸಣ್ಣ ಜಾಗೆಯ ಲೆಕ್ಕವ ಬೇಕೂಳಿಯೇ ರಜ್ಜ ಅತ್ಲಾಗಿ ಇತ್ಲಾಗಿ ಮಾಡಿದ್ದಡ. ಒಂದೇ ಜೆನ ಇಪ್ಪಲ್ಲಿ ಗುಟ್ಟು! ಮನೆಲಿ ಆನೊಬ್ಬಳೇ ಇಪ್ಪಗ ಡಬ್ಬಿಯ ಬೆಲ್ಲ ತಿಂದದು ಆರು ಹೇಳಿ ಹುಡ್ಕಿದ ಹಾಂಗಾತು.

ಮುಂದಾಣ ಸರ್ತಿ ಬಂದರೆ ಎನ್ನ ಮಾಲು, ಮ್ಯೂಸಿಯಮ್ಮು ಹೇಳಿ ಸುತ್ತುಸೆಡ, ಆ ಅಜ್ಜಿಯ ಊರಿಂಗೆ ಕರಕ್ಕೊಂಡು ಹೋಗು ಹೇಳಿದ್ದೆ ಮಗಳತ್ರೆ. ಅಲ್ಲಿ ಸಿಕ್ಕುದು ಬರ್ಗರು, ಬಿಯರು. ಎನಗೆ ತಿಂಬಲೆ ಆಲುಗೆಡ್ಡೆ ಹೊರುದ್ದು ಸಿಕ್ಕಿರೆ ಸಿಕ್ಕಿತ್ತು, ಇಲ್ಲದ್ದರೆ ಬುತ್ತಿ ಕಟ್ಟಿಗೊಂಬ°. ಸೋಮವಾರ ಮಾಂತ್ರ ಹೋಪದು ಬೇಡ, ಅಜ್ಜಿಗೆ ರಜೆ.