ನೀರಂಚಿನ ನೆಲ ಯಾರ ಪರಿಗ್ರಹ?

‘ಖಾಲಿ ಜಾಗ’ ಎಂಬ ಮಾತಿನಷ್ಟು ಹಿಂಸೆಯನ್ನು ಒಡಲಲ್ಲಿ ಅಡಗಿಸಿಕೊಂಡಿರುವ ಮಾತು ನಗರಾಭಿವೃದ್ಧಿಯ ನಿಘಂಟಿನಲ್ಲಿ ಬಹುಶಃ ಮತ್ತೊಂದಿಲ್ಲ. ನಕ್ಷೆಯ ಮೇಲೆ ಬಣ್ಣ ಬಳಿಯುವವರು ಮೊದಲು ಒಂದು ನೆಲವನ್ನು ಖಾಲಿಯೆಂದು ಸಾರುತ್ತಾರೆ. ಆಮೇಲೆ ಅದನ್ನು ತುಂಬುವ ಪುಣ್ಯಕಾರ್ಯಕ್ಕೆ ತಾವೇ ಟೊಂಕ ಕಟ್ಟಿ ನಿಲ್ಲುತ್ತಾರೆ. ಅದರ ಮಗ್ಗುಲಲ್ಲೇ ತಲೆಮಾರುಗಳಿಂದ ಬಾಳುತ್ತಿರುವವರು ಬಾಯಿ ತೆರೆದರೆ ಅವರಿಗೆ ‘ಪ್ರಗತಿವಿರೋಧಿಗಳು’, ‘ಸ್ವಾರ್ಥಿಗಳು’ ಎಂಬ ಬಿರುದುಗಳು ಸಿದ್ಧವಾಗಿರುತ್ತವೆ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ, ಲಶೀನ್ ಕಾಲುವೆಯ ಪೀಲ್ ಬೇಸಿನ್ ಎಂಬ ಜಲತಾಣದ ಸುತ್ತಣ ಭೂಮಿಯನ್ನು ಕುರಿತು 2005ರಿಂದ ನಡೆದುಬಂದ ವಿವಾದವನ್ನು ಗಮನಿಸಿದವರಿಗೆ ಈ ಬಿರುದುಗಳು ಎಷ್ಟು ಅನ್ಯಾಯದವು ಎಂಬುದು ತಿಳಿದೀತು. ಆ ನಿವಾಸಿಗಳ ಪಕ್ಷ ವಹಿಸಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ನಿಷ್ಪಕ್ಷಪಾತದ ಸೋಗು ನನಗೆ ಬೇಡ.

ವಾಚಕರಿಗೆ ಆ ಸ್ಥಳದ ಪರಿಚಯ ಅಗತ್ಯ. ಸೇಂಟ್ ಲಾರೆನ್ಸ್ ನದಿಯಲ್ಲಿ ಮಾಂಟ್ರಿಯಲ್ಲಿನ ಬಳಿ ಹಡಗುಗಳು ದಾಟಲಾಗದ ಭೋರ್ಗರೆವ ಇಳಿಜಾರೊಂದಿದೆ. ಅದನ್ನು ಬಳಸಿ ಹೋಗಲೆಂದು ಸುಮಾರು 14 ಕಿಲೋಮೀಟರ್ ಉದ್ದದ ಕಾಲುವೆಯನ್ನು ತೋಡಿ 1825ರಲ್ಲಿ ತೆರೆಯಲಾಯಿತು. (ಚೀನಾಕ್ಕೆ ಜಲಮಾರ್ಗ ಕಂಡುಹಿಡಿಯುವ ಕನಸು ಕಂಡ ಲಾ ಸಾಲ್ ಎಂಬ ಫ್ರೆಂಚ್ ಸಾಹಸಿಯನ್ನು ಅಣಕಿಸಿ ಅವನ ಜಹಗೀರಿಗೆ ‘ಲಶೀನ್’, ಎಂದರೆ ಚೀನಾ, ಎಂಬ ಹೆಸರಿಟ್ಟರೆಂದು ಹೇಳುತ್ತಾರೆ. ದೊಡ್ಡ ಯೋಜನೆಗಳನ್ನು ಕಂಡು ನಗುವ ಅಭ್ಯಾಸ ಆ ಊರಿನ ಜನರಿಗೆ ಹೊಸದಲ್ಲ!) ಕಾಲುವೆಯನ್ನು ಅಗೆದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬಂದ ಬಡ ಕೂಲಿಗಳು, 1843ರಲ್ಲಿ ಅದನ್ನು ವಿಸ್ತರಿಸುವಾಗ ಕೂಲಿಯನ್ನು ಕಡಿತಗೊಳಿಸಿದ್ದಕ್ಕೆ ಅವರು ಮುಷ್ಕರ ಹೂಡಿದರು. ಮುಂದೆ ಕಾಲುವೆಯ ನೀರಿನ ಬಲದಿಂದಲೇ ಹಿಟ್ಟಿನ ಗಿರಣಿಗಳು, ಸಕ್ಕರೆ ಮತ್ತು ಕಬ್ಬಿಣದ ಕಾರ್ಖಾನೆಗಳು ದಡದುದ್ದಕ್ಕೂ ಎದ್ದವು. ಹಡಗುಗಳು ತಂಗಿ ಸರಕು ಇಳಿಸಲೆಂದು ನಿರ್ಮಿಸಿದ ಅಗಲವಾದ ಕೊಳಗಳಿಗೆ ‘ಬೇಸಿನ್’ ಎಂದು ಹೆಸರು. ಪೀಲ್ ಬೇಸಿನ್ ಅವುಗಳಲ್ಲಿ ಒಂದು. 1959ರಲ್ಲಿ ಸಮುದ್ರದ ಹಡಗುಗಳಿಗೆ ಬೇರೆ ಹೆದ್ದಾರಿಯಂಥ ಜಲಮಾರ್ಗ ತೆರೆದ ಮೇಲೆ ಈ ಕಾಲುವೆ ಅನಾಥವಾಯಿತು. 1970ರಲ್ಲಿ ಅದನ್ನು ಮುಚ್ಚಿದರು. ಪಕ್ಕದ ವೆಲ್ಲಿಂಗ್ಟನ್ ಬೇಸಿನ್ ಎಂಬ ಕೊಳಕ್ಕೆ ಮಣ್ಣು ತುಂಬಿದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ದಕ್ಷಿಣ ದಡದ ಪಾಯಿಂಟ್ ಸೇಂಟ್ ಚಾರ್ಲ್ಸ್ ಎಂಬ ಕಾರ್ಮಿಕರ ಬಡಾವಣೆ ನಿರುದ್ಯೋಗದಲ್ಲಿ ಮುಳುಗಿತು. 2002ರಲ್ಲಿ ಕಾಲುವೆ ಮತ್ತೆ ತೆರೆದಾಗ ಅದರಲ್ಲಿ ಬಂದವು ವಿಹಾರದ ದೋಣಿಗಳು. ದಡದ ಹಳೆಯ ಗಿರಣಿಗಳು ಶ್ರೀಮಂತರ ಫ್ಲಾಟುಗಳಾದವು. ಬಡವರು ಬೆವರು ಸುರಿಸಿದ ಜಾಗಕ್ಕೆ ‘ನೀರಿನ ನೋಟ’ ಎಂಬ ಬೆಲೆ ಬಂತು.

ಈ ಪ್ರದೇಶ ಎಂದಾದರೂ ಖಾಲಿಯಾಗಿತ್ತೆ? 1847ರಲ್ಲಿ ಬರಗಾಲದಿಂದ ತತ್ತರಿಸಿ ಹಡಗೇರಿ ಬಂದ ಐರಿಷ್ ವಲಸಿಗರು ಇಲ್ಲಿಯ ಜ್ವರದ ಚಪ್ಪರಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸತ್ತರು. 1859ರಲ್ಲಿ ವಿಕ್ಟೋರಿಯಾ ಸೇತುವೆಯನ್ನು ಕಟ್ಟಿದ ಕಾರ್ಮಿಕರು ಅವರ ಸಮಾಧಿಭೂಮಿಯ ಮೇಲೆ ಒಂದು ಹೆಬ್ಬಂಡೆಯನ್ನು ನಿಲ್ಲಿಸಿ, ಸತ್ತವರ ಸಂಖ್ಯೆ 6000 ಎಂದು ಕೆತ್ತಿದರು. ಆ ಕಪ್ಪು ಬಂಡೆ ಇಂದು ಒಂದು ರಸ್ತೆಯ ನಡುವಣ ವಿಭಜಕದಲ್ಲಿ ವಾಹನಗಳ ಹೊಗೆ ಕುಡಿಯುತ್ತ ನಿಂತಿದೆ. 2019ರಲ್ಲಿ ಹೊಸ ರೈಲುಮಾರ್ಗದ ಕಾಮಗಾರಿಗಾಗಿ ನೆಲ ಅಗೆದಾಗ ಮನುಷ್ಯರ ಅಸ್ಥಿಗಳು ಮೇಲೆ ಬಂದವು. ಸಮೀಪದಲ್ಲೇ ಗೂಸ್ ವಿಲೇಜ್ ಎಂಬ ಪುಟ್ಟ ವಸತಿಯಿತ್ತು; ಐರಿಷರೂ ಇಟಾಲಿಯನ್ನರೂ ಅಲ್ಲಿ ನೆಲೆಸಿದ್ದರು. 1967ರ ವಿಶ್ವ ವಸ್ತುಪ್ರದರ್ಶನಕ್ಕೆ ಬರುವ ಅತಿಥಿಗಳ ಕಣ್ಣಿಗೆ ಅದು ಕೊಳಕಾಗಿ ಕಂಡೀತೆಂದು 1964ರಲ್ಲಿ ನಗರಾಡಳಿತ ಅದನ್ನು ಪೂರ್ತಿಯಾಗಿ ಕೆಡವಿತು. ಆ ಜಾಗದ ಮೇಲೆ ಒಂದು ಕ್ರೀಡಾಂಗಣ ಎದ್ದಿತು. ಕೆಲವೇ ವರ್ಷಗಳಲ್ಲಿ ಅದನ್ನೂ ಕಳಚಿದರು. ಉತ್ತರ ದಡದ ಗ್ರಿಫಿನ್‌ಟೌನನ್ನು 1963ರಲ್ಲಿ ಕೈಗಾರಿಕಾ ವಲಯವೆಂದು ಘೋಷಿಸಿದ್ದರಿಂದ ಅಲ್ಲಿಯ ಕುಟುಂಬಗಳೂ ಚದುರಿದವು. ಹೀಗೆ ಮನುಷ್ಯರನ್ನು ತೆರವು ಮಾಡಿದ ಮೇಲೆ ನೆಲ ಖಾಲಿಯಾಗಿ ಕಾಣುವುದರಲ್ಲಿ ಆಶ್ಚರ್ಯವೇನು? ಮನೆ ಸುಟ್ಟವನೇ ಬಂದು ‘ಇಲ್ಲಿ ಬೂದಿಯಲ್ಲದೆ ಏನೂ ಇಲ್ಲವಲ್ಲ’ ಎಂದು ಕೇಳಿದಂತೆ ಇದು.

2005ರಲ್ಲಿ ಕ್ವಿಬೆಕ್ ಪ್ರಾಂತ್ಯದ ಸರ್ಕಾರಿ ಲಾಟರಿ ಸಂಸ್ಥೆಯಾದ ಲೋಟೋ-ಕ್ವಿಬೆಕ್, ಪ್ರಸಿದ್ಧ ಸರ್ಕಸ್ ಕಂಪನಿಯಾದ ಸರ್ಕ್ ದು ಸೊಲೇಯ್ ಜೊತೆಗೂಡಿ ಒಂದು ಯೋಜನೆ ಪ್ರಕಟಿಸಿತು. ನದಿಯ ನಡುವಣ ದ್ವೀಪದಲ್ಲಿ 1993ರಿಂದ ನಡೆಯುತ್ತಿದ್ದ ಜೂಜುಮನೆಯನ್ನು ಪೀಲ್ ಬೇಸಿನ್ನಿನ ದಡಕ್ಕೆ ತರುವುದು, ಅದರೊಡನೆ ಹೋಟೆಲು, ರಂಗಮಂದಿರಗಳನ್ನು ಕಟ್ಟುವುದು. ವೆಚ್ಚ 117.5 ಕೋಟಿ ಡಾಲರು. ಪಾಯಿಂಟ್ ಸೇಂಟ್ ಚಾರ್ಲ್ಸಿನ ನಿವಾಸಿಗಳು ಕೂಡಲೇ ಎದ್ದು ನಿಂತರು. ದ್ವೀಪಕ್ಕೆ ಜೂಜಾಡಲು ಹೋಗುವವನು ಬಸ್ಸೋ ಕಾರೋ ಹಿಡಿಯಬೇಕು. ಪೀಲ್ ಬೇಸಿನ್ನಿಗಾದರೆ ಬಡಾವಣೆಯವನು ನಡೆದೇ ಹೋಗಬಲ್ಲ. ಜೂಜಿನ ತಾಣ ವಸತಿಗೆ ಹತ್ತಿರವಾದಷ್ಟೂ ಅದರ ದುಷ್ಪರಿಣಾಮಗಳು ಹೆಚ್ಚಬಹುದೆಂದು ನಗರದ ಸಾರ್ವಜನಿಕ ಆರೋಗ್ಯ ಇಲಾಖೆಯೂ ಎಚ್ಚರಿಸಿತು. ಅರೆಹೊಟ್ಟೆಯ ಕುಟುಂಬದಲ್ಲಿ ವಾರದ ಸಂಬಳ ಒಂದು ರಾತ್ರಿಯಲ್ಲಿ ಕರಗಿದರೆ ಏನಾಗುತ್ತದೆಂಬುದನ್ನು ಹೇಳಲು ತಜ್ಞರೇ ಬೇಕೆಂದಿಲ್ಲ.

ಯೋಜನೆಯ ಸಮರ್ಥಕರ ಒಂದು ವಾದ ಮಾತ್ರ ಗಂಭೀರವಾದುದು. ‘ಇದು ಖಾಸಗಿ ಜೂಜಲ್ಲ, ಲಾಭವೆಲ್ಲ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಆ ಹಣದಿಂದಲೇ ಆಸ್ಪತ್ರೆ, ಶಾಲೆಗಳು ನಡೆಯುತ್ತವೆ’ ಎಂಬುದು ಆ ವಾದ. ನಮ್ಮ ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನು ಮೊದಲು ಇಡುವುದು ಅಕಸ್ಮಾತ್ತಾಗಿ ಅಲ್ಲ. ಉಳಿದ ವ್ಯಸನಗಳಿಗೆ ಬಾಗಿಲು ತೆರೆಯುವುದೇ ಅದು. ಅದೇ ಪರಂಪರೆಯಲ್ಲಿ ಪಂಡಿತ ಆಶಾಧರನು ಗೃಹಸ್ಥನ ಅರ್ಹತೆಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಆದಿಯಲ್ಲೇ ಉಲ್ಲೇಖಿಸುತ್ತಾನೆ. ಎಂದರೆ ಹಣ ಯಾವ ದಾರಿಯಿಂದ ಬಂತೆಂಬ ಪ್ರಶ್ನೆ, ಅದು ಯಾವ ದಾನಕ್ಕೆ ಹೋಯಿತೆಂಬ ಪ್ರಶ್ನೆಗಿಂತ ಮೊದಲಿನದು. ಒಬ್ಬ ವ್ಯಾಪಾರಿಗೆ ಅನ್ವಯಿಸುವ ಈ ಮಾತು ಸರ್ಕಾರಕ್ಕೆ ಅನ್ವಯಿಸದೆ? ಬಡವನ ಮನೆಯ ಹೊಸ್ತಿಲಲ್ಲಿ ಜೂಜಿನ ಮೇಜನ್ನು ಹಾಕಿ, ಅವನು ಸೋತ ಹಣದಲ್ಲಿ ಅವನಿಗೇ ಔಷಧಿ ಕೊಡಿಸುವುದನ್ನು ಲೋಕಕಲ್ಯಾಣವೆಂದು ಕರೆಯಲು ನನ್ನ ನಾಲಗೆ ಏಳದು. ತೆರಿಗೆಯನ್ನು ಉಳ್ಳವರಿಂದ ನೇರವಾಗಿ ಕೇಳುವ ಧೈರ್ಯವಿಲ್ಲದ ರಾಜ್ಯ ಮಾತ್ರ ಅದನ್ನು ಇಲ್ಲದವರಿಂದ ಆಟದ ಹೆಸರಿನಲ್ಲಿ ವಸೂಲು ಮಾಡುತ್ತದೆ.

2006ರ ಮಾರ್ಚ್ ತಿಂಗಳಿನಲ್ಲಿ, ಪ್ರಾಂತೀಯ ಸರ್ಕಾರ ನೇಮಿಸಿದ ಸಮಿತಿಯ ವರದಿ ಹೊರಬಂದ ಬೆನ್ನಲ್ಲೇ, ಸರ್ಕಸ್ ಕಂಪನಿ ಹಿಂದೆ ಸರಿಯಿತು, ಯೋಜನೆ ಬಿದ್ದುಹೋಯಿತು. ಜೂಜುಮನೆಯನ್ನು ಮುಂದೆ ದ್ವೀಪದಲ್ಲಿಯೇ ನವೀಕರಿಸಿದರು. ನೂರು ಕೋಟಿಗೂ ಮಿಕ್ಕ ಬಂಡವಾಳವನ್ನು ಕೆಲವೇ ಬೀದಿಗಳ ಜನ ಓಡಿಸಿದರೆಂಬ ಗೊಣಗಾಟ ಆಗ ಕೇಳಿಬಂತು. ಊರು ಅದರಿಂದ ಮುಳುಗಲಿಲ್ಲ.

ಆದರೆ ನೀರಂಚಿನ ನೆಲದ ಮೇಲಣ ಕಣ್ಣು ಅಷ್ಟು ಸುಲಭವಾಗಿ ಕದಲುವುದಿಲ್ಲ. 2004ರಲ್ಲಿ ಊರು ಬಿಟ್ಟುಹೋದ ಬೇಸ್‌ಬಾಲ್ ತಂಡದ ಸ್ಥಾನಕ್ಕೆ ಮತ್ತೊಂದನ್ನು ತರುವ ಆಸೆಯಿಂದ ಉದ್ಯಮಿಗಳ ಗುಂಪೊಂದು ಇದೇ ಪೀಲ್ ಬೇಸಿನ್ನಿನ ಬಳಿ ಕ್ರೀಡಾಂಗಣ ಕಟ್ಟುವ ಮಾತು ತೆಗೆಯಿತು. ಫ್ಲೋರಿಡಾದ ತಂಡವೊಂದು ವರ್ಷದ ಅರ್ಧ ಭಾಗ ಇಲ್ಲಿ ಆಡುವುದೆಂಬ ವಿಚಿತ್ರ ಏರ್ಪಾಡು ಅದು. 2022ರ ಜನವರಿಯಲ್ಲಿ ಬೇಸ್‌ಬಾಲ್ ಆಡಳಿತ ಮಂಡಳಿಯೇ ಅದನ್ನು ತಿರಸ್ಕರಿಸಿತು. ಈ ಸಲ ಯೋಜನೆ ಬಿದ್ದದ್ದು ನಿವಾಸಿಗಳ ಹೋರಾಟದಿಂದಲ್ಲ, ನಿಜ. ಅರ್ಧ ವರ್ಷದ ಆಟಕ್ಕೆ ಇಡೀ ವರ್ಷದ ನೆಲವನ್ನು ಕೇಳಿದರಲ್ಲ ಎಂಬ ಸೋಜಿಗ ಮಾತ್ರ ನನ್ನನ್ನು ಬಿಟ್ಟಿಲ್ಲ.

ಈಗ ಸ್ವಾರ್ಥದ ಆರೋಪಕ್ಕೆ ಬರೋಣ. ‘ನನ್ನ ಹಿತ್ತಲಿಗೆ ಬೇಡ, ಬೇರೆಯವರ ಹಿತ್ತಲಿಗೆ ಆಗಲಿ’ ಎನ್ನುವ ವಿರೋಧ ಜಗತ್ತಿನಲ್ಲಿ ಇಲ್ಲವೆಂದು ನಾನು ಹೇಳಲಾರೆ. ತಮ್ಮ ಕಿಟಕಿಯ ನೋಟ ಕೆಡುತ್ತದೆಂದು ಬಡವರ ಮನೆಗಳನ್ನು ತಡೆಯುವ ಸಿರಿವಂತ ಬಡಾವಣೆಗಳು ಎಲ್ಲ ನಗರಗಳಲ್ಲಿಯೂ ಇವೆ. ಪಾಯಿಂಟಿನ ಜನರು ಹಾಗೆ ಮಾಡಿದರೆ? ಅವರ ಸಂಘಸಂಸ್ಥೆಗಳ ಒಕ್ಕೂಟವಾದ ಆಕ್ಸಿಯೋಂ-ಗಾರ್ದಿಯೆಂ ಕೇವಲ ‘ಬೇಡ’ ಎಂದು ಕೂಗಲಿಲ್ಲ. ನಿವಾಸಿಗಳನ್ನು ಕೂಡಿಸಿ, ನಕ್ಷೆಗಳನ್ನು ಹರಡಿ, ಸಾರ್ವಜನಿಕ ಭೂಮಿಯಲ್ಲಿ ಸಾಮಾಜಿಕ ವಸತಿ, ಸ್ಥಳೀಯ ಉದ್ಯೋಗ, ಉದ್ಯಾನ, ನೀರಂಚಿಗೆ ಎಲ್ಲರ ಪ್ರವೇಶ, ಇವುಗಳನ್ನೊಳಗೊಂಡ ಪರ್ಯಾಯ ಯೋಜನೆಯನ್ನು ತಾವೇ ರೂಪಿಸಿದರು. 2019ರಲ್ಲಿ ನಗರದ ಸಾರ್ವಜನಿಕ ಸಮಾಲೋಚನಾ ಕಚೇರಿ ಈ ಪ್ರದೇಶದ ಬಗ್ಗೆ ವಿಚಾರಣೆ ನಡೆಸಿದಾಗ ಅದನ್ನು ಮುಂದಿಟ್ಟರು. ಅವರು ಕೇಳಿದ್ದು ಮನೆಗಳನ್ನೇ, ಹೊಸ ನೆರೆಹೊರೆಯವರನ್ನೇ. ಬಡವರಿಗಾಗಿ ಮನೆ ಕಟ್ಟಿರೆಂದು ತನ್ನ ಹಿತ್ತಲನ್ನೇ ತೋರಿಸುವವನನ್ನು ಸ್ವಾರ್ಥಿಯೆನ್ನುವುದು ಯಾವ ನ್ಯಾಯ?

ಇಂಥ ಯೋಗ್ಯತೆ ಅವರಿಗೆ ಒಂದೇ ದಿನದಲ್ಲಿ ಬಂದದ್ದಲ್ಲ. 1968ರಷ್ಟು ಹಿಂದೆಯೇ ಈ ಬಡಾವಣೆಯಲ್ಲಿ ನಿವಾಸಿಗಳ ಹೊಣೆಯಲ್ಲೇ ನಡೆಯುವ ಸಮುದಾಯ ಚಿಕಿತ್ಸಾಲಯ ಆರಂಭವಾಗಿತ್ತು. ರೈಲ್ವೆಯ ಹಳೆಯ ಕಾರ್ಯಾಗಾರದ ಜಾಗ ಖಾಸಗಿಯವರ ಪಾಲಾದಾಗ ಅದರ ಏಳನೆಯ ಕಟ್ಟಡವನ್ನು ಸಮುದಾಯಕ್ಕೇ ಬಿಡಬೇಕೆಂದು ವರ್ಷಗಟ್ಟಲೆ ಹಟ ಹಿಡಿದು ಪಡೆದರು. 2018ರಲ್ಲಿ ಅದು ಕಿರಾಣಿ ಅಂಗಡಿ, ಕುಶಲಕರ್ಮಿಗಳ ಕಾರ್ಯಾಗಾರಗಳೊಡನೆ ತೆರೆಯಿತು.

ಒಂದು ಕಹಿಯಾದ ಮಾತನ್ನು ನಾನು ಮುಚ್ಚಿಡಬಾರದು. ನಗರದಲ್ಲಿ ಮನೆಗಳ ಕೊರತೆ ತೀವ್ರವಾಗಿದೆ. ಮಾರುಕಟ್ಟೆಯಲ್ಲಿ ಕೊಳ್ಳುವ ಶಕ್ತಿಯಿಲ್ಲದವನು ಮಾತ್ರವಲ್ಲ, ಸಾಮಾನ್ಯ ಸಂಬಳದವನೂ ಬಾಡಿಗೆ ಮನೆಗೆ ಅಲೆಯುತ್ತಿದ್ದಾನೆ. 2023ರಲ್ಲಿ ನಗರಾಡಳಿತ ಈ ಇಡೀ ಪ್ರದೇಶಕ್ಕೆ ಸುಮಾರು 7600 ಮನೆಗಳ ಯೋಜನೆ ಮುಂದಿಟ್ಟಾಗ, ಅಷ್ಟು ಸಾಲದೆಂದು ಕಟ್ಟಡ ಉದ್ಯಮಿಗಳು ಹೇಳಿದ್ದನ್ನು ಬರೀ ದುರಾಸೆಯೆಂದು ತಳ್ಳಿಹಾಕಲಾಗದು. ಮನೆಯಿಲ್ಲದವನ ಎದುರು ಕಟ್ಟಡದ ಎತ್ತರದ ಚರ್ಚೆ ಅಲ್ಪವಾಗಿ ತೋರುತ್ತದೆ. ಆದರೂ ಸಂಖ್ಯೆಯೇ ಉತ್ತರವೆಂಬ ಭ್ರಮೆಗೆ ಎದುರು ದಡದಲ್ಲೇ ಸಾಕ್ಷಿ ನಿಂತಿದೆ. ಗ್ರಿಫಿನ್‌ಟೌನಿನಲ್ಲಿ 2008ರಿಂದೀಚೆಗೆ ಗೋಪುರಗಳು ಸಾಲುಗಟ್ಟಿ ಎದ್ದವು, ಸಾವಿರಾರು ಫ್ಲಾಟುಗಳು ಮಾರಾಟವಾದವು. ಉದ್ಯಾನ, ಶಾಲೆಗಳಿಗೆ ಜಾಗ ಸಾಕಷ್ಟು ಮೀಸಲಿಡಲಿಲ್ಲವೆಂದು ಆಮೇಲೆ ನಗರವೇ ದುಬಾರಿ ಬೆಲೆ ತೆತ್ತು ನೆಲ ಹುಡುಕಬೇಕಾಯಿತು. ಮೊದಲು ಮಾರಿ ನಂತರ ಮರಳಿ ಕೊಳ್ಳುವ ಈ ಜಾಣತನವನ್ನು ಯಾವ ಸಾಮಾನ್ಯ ಗೃಹಿಣಿಯೂ ತನ್ನ ಮನೆವಾರ್ತೆಯಲ್ಲಿ ತೋರುವುದಿಲ್ಲ.

ಆದ್ದರಿಂದ ವಾದದ ತಿರುಳು ಎಷ್ಟು ಮಾಳಿಗೆ ಎಂಬುದರಲ್ಲಿಲ್ಲ. ನೆಲ ಯಾರ ಕೈಯಲ್ಲಿ ಉಳಿಯಬೇಕೆಂಬುದರಲ್ಲಿದೆ. ಮಣ್ಣು ತುಂಬಿದ ವೆಲ್ಲಿಂಗ್ಟನ್ ಬೇಸಿನ್ನಿನ ಭೂಮಿ ಕೆನಡಾ ಸರ್ಕಾರಕ್ಕೆ ಸೇರಿದ ಭೂನಿಗಮದ ಕೈಗೆ ಬಂತು. ಕೂಲಿಗಳ ಬೆವರಿನಿಂದ, ಸಾರ್ವಜನಿಕರ ಹಣದಿಂದ ಆದ ಆಸ್ತಿ ಅದು. ಪರಿಗ್ರಹಕ್ಕೆ ಪರಿಮಾಣ ಬೇಕೆಂದು ವ್ಯಕ್ತಿಗೆ ಉಪದೇಶಿಸುವ ನಾವು, ಹೆಚ್ಚು ಬೆಲೆ ಕೂಗಿದವನಿಗೆ ಇಡೀ ದಡವನ್ನೇ ಒಪ್ಪಿಸುವ ಸರ್ಕಾರದ ಮುಂದೆ ಮೌನವಾಗಿರುವುದು ಹೇಗೆ? 2024ರಲ್ಲಿ ಅದೇ ಕೆನಡಾ ಸರ್ಕಾರ, ಸಾರ್ವಜನಿಕ ಭೂಮಿಯನ್ನು ಸಾಧ್ಯವಾದೆಡೆಯಲ್ಲೆಲ್ಲ ಮಾರದೆ ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟು ಜನರ ಕೈಗೆಟಕುವ ಮನೆಗಳನ್ನು ಕಟ್ಟಿಸುವುದಾಗಿ ಘೋಷಿಸಿತು. ಪಾಯಿಂಟಿನ ನಿವಾಸಿಗಳು ಹಿಡಿದ ದಾರಿ ಇದಕ್ಕೆ ದೂರವಾದುದಲ್ಲ. ಹಾಗಾದರೆ ಆ ಘೋಷಣೆಯನ್ನು ಪೀಲ್ ಬೇಸಿನ್ನಿನ ದಡದಲ್ಲಿಯೇ ಮೊದಲು ಪಾಲಿಸಲಿ: ಒಂದಡಿ ನೆಲವನ್ನೂ ಮಾರದಿರಲಿ, ಶಾಲೆ ಮತ್ತು ಉದ್ಯಾನದ ಜಾಗವನ್ನು ಗೋಪುರಗಳಿಗಿಂತ ಮೊದಲು ಗುರುತಿಸಲಿ, ಸತ್ತ ಆರು ಸಾವಿರ ಜನರ ಬಂಡೆಗೆ ರಸ್ತೆಯ ನಡುವಿನಿಂದ ಬಿಡುಗಡೆ ಕೊಡಲಿ.