ಬಾಣಂತಿಗುಂಟು, ಇವಳಿಗೇಕಿಲ್ಲ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಬಾಣಂತಿಗೆ ಬಿಸಿನೀರು, ಪಥ್ಯ, ವಿಶ್ರಾಂತಿಗಳನ್ನೊದಗಿಸುವುದು ಮನೆಯ ಧರ್ಮವೆನಿಸಿದೆ. ಗರ್ಭಕೋಶದ ಒಳಪೊರೆಯಂಥ ಪದರವು ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ವ್ಯಾಧಿಯಿಂದ ನರಳಿ, ಗರ್ಭಕೋಶವನ್ನೇ ತೆಗೆಯಿಸಿಕೊಂಡ ತಾಯಿಯ ಪಾಲಿಗಾದರೋ ಆ ಧರ್ಮವಿಲ್ಲ. 6–8 ವಾರ ಭಾರವೆತ್ತಬಾರದೆಂದು ವೈದ್ಯರು ವಿಧಿಸುತ್ತಾರೆ. ಬಾವಿಯ ಕೊಡ, ಹಟ್ಟಿಯ ದನ, ಮಕ್ಕಳ ಬುತ್ತಿ ಅಷ್ಟು ಕಾಲ ಕಾಯುವುದಿಲ್ಲ. ಅಂಡಾಶಯಗಳನ್ನೂ ತೆಗೆದಿದ್ದರೆ ಮೈಬೇಗೆ, ಮೂಳೆಸವೆತಗಳ ಭಯ. ಕೆಲವರಿಗೆ ಹಳೆಯ ನೋವು ಮರಳುವುದೂ ಉಂಟು.

ಗೇರುಬೀಜದ ಕಾರ್ಖಾನೆಗೆ ಹೋಗುವವಳಿಗೆ ಕಾನೂನಾದರೂ ಆಸರೆಯೇ? 2020ರ ಸಾಮಾಜಿಕ ಭದ್ರತಾ ಸಂಹಿತೆಯ ಹೆರಿಗೆ ಸೌಲಭ್ಯದ ಅಧ್ಯಾಯವು ಸಂತಾನಶಕ್ತಿ ಹರಣ ಚಿಕಿತ್ಸೆಗೆ 2 ವಾರಗಳ ವೇತನಸಹಿತ ರಜೆಯನ್ನಿತ್ತಿದೆ, ಇವಳ ಮಾತನ್ನೆತ್ತಿಲ್ಲ. ಸರಕಾರವು ಅದನ್ನು ತಿದ್ದಲಿ. ಮನೆಯ ಗಂಡಸರು ಕೊಡ ಹೊರುವುದಕ್ಕಾದರೋ ಯಾವ ಶಾಸನವೂ ಬೇಕಾಗಿಲ್ಲ.