ಹಳೆಯ ಪ್ರಬಂಧ, ಹೊಸ ಮುಖಪುಟ

ಸೆಮಿಸ್ಟರು ಮುಗಿಯುತ್ತ ಬಂದಿತೆಂದರೆ ನಮ್ಮ ಚಂದ್ರಾ ಲೇಔಟಿನ ಜೆರಾಕ್ಸ್ ಅಂಗಡಿಗಳ ಮುಂದೆ ವಿದ್ಯಾರ್ಥಿಗಳ ಸಾಲು ಬೆಳೆಯುತ್ತದೆ. ಅಲ್ಲಿ ಬೈಂಡಾಗುವ ಅಸೈನ್‌ಮೆಂಟುಗಳಲ್ಲಿ ಕೆಲವು, ಅದೇ ವಿದ್ಯಾರ್ಥಿ ಹಿಂದೆ ಬೇರೊಂದು ವಿಷಯಕ್ಕೆ ಬರೆದು ಅಂಕ ಪಡೆದವು. ಮುಖಪುಟ ಮಾತ್ರ ಹೊಸದು. ‘ನನ್ನದೇ ಬರಹ, ಕಳವು ಹೇಗಾದೀತು?’ ಎಂಬುದು ಅವರ ವಾದ.

ವಾದ ತಳ್ಳಿಹಾಕತಕ್ಕದ್ದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು ಕೃತಿಚೌರ್ಯದ ತಡೆಗೆ 2018ರಲ್ಲಿ ಮಾಡಿದ ನಿಯಮಾವಳಿ ಮಹಾಪ್ರಬಂಧಗಳನ್ನೂ ಪ್ರಕಟಣೆಗಳನ್ನೂ ಹಿಡಿಯುತ್ತದೆ; ಅಸೈನ್‌ಮೆಂಟು, ಉತ್ತರಪತ್ರಿಕೆಗಳನ್ನು ಹೊರಗಿಟ್ಟಿದೆ. ತನ್ನದೇ ಬರಹವನ್ನು ಉಲ್ಲೇಖವಿಲ್ಲದೆ ಮತ್ತೆ ಬಳಸಬಾರದೆಂದು 2020ರಲ್ಲಿ ಅದು ಎಚ್ಚರಿಸಿದ್ದೂ ಪ್ರಕಟವಾದ ಬರಹಗಳ ವಿಷಯದಲ್ಲಿ. ಕಾಲೇಜು ತಾನೇ ಕಟ್ಟಳೆ ಮಾಡದಿದ್ದಲ್ಲಿ, ತರಗತಿಯ ಮಾತು ಗುರುಶಿಷ್ಯರ ನಡುವೆಯೇ ಇತ್ಯರ್ಥವಾಗಬೇಕು.

ಹಳೆಯದನ್ನು ಬೆಳೆಸಿ ಬರೆಯಲು ಯಾರ ಅಡ್ಡಿಯೂ ಇರಬಾರದು, ಮುಚ್ಚಿಡಬಾರದಷ್ಟೆ. ಬಿ.ಎ.ಯಲ್ಲಿ ಪಂಪನ ಕರ್ಣನನ್ನು ಕುರಿತು ಬರೆದವನು ಎಂ.ಎ.ಯಲ್ಲಿ ಮತ್ತೆ ಅವನಲ್ಲಿಗೇ ಹೋದರೆ ನಮಗೆ ಸಂತೋಷವೇ. ಇಷ್ಟು ಭಾಗ ಹಿಂದೆ ಒಪ್ಪಿಸಿದ್ದೆಂದು ಮೊದಲ ಪುಟದಲ್ಲಿ ಒಂದು ಸಾಲು ಬರೆಯಲಿ. ಬರೆಯದೆ ಒಂದೇ ದುಡಿಮೆಗೆ ಎರಡು ಸಲ ಅಂಕ ಬೇಡುವುದು, ರಾತ್ರಿಯೆಲ್ಲ ಕುಳಿತು ಹೊಸದಾಗಿ ಬರೆದ ಸಹಪಾಠಿಗೆ ಮಾಡುವ ಅನ್ಯಾಯ.

ಆದರೆ ವರ್ಷವರ್ಷವೂ ಅದೇ ಪ್ರಶ್ನೆ ಕೊಟ್ಟು, ಹಳದಿಗಟ್ಟಿದ ಟಿಪ್ಪಣಿಯನ್ನೇ ಬರೆಯಿಸುವ ಅಧ್ಯಾಪಕರು (ಈ ಲೇಖಕನೂ ಹೊರತಲ್ಲ) ಶಿಷ್ಯರನ್ನು ಯಾವ ಬಾಯಿಂದ ಗದರಿಸಬೇಕು? ಬರುವ ಸೆಮಿಸ್ಟರಿಗೆ ಪ್ರಶ್ನೆಗಳನ್ನಾದರೂ ಹೊಸದಾಗಿ ಕೊಡಬಹುದು.